ಮಸ್ಸಮನ್, ಮಿರ್ಚಿ ಮತ್ತು ಅಹಮದ್ ಖಾನನ ಧರ್ಮಸಾಲೆ

ನಮ್ಮ ಹೊಸಪೇಟೆ ಸೀಮೆಯಲ್ಲಿ ಸಂಜೆ ನಾಲ್ಕು ದಾಟಿತೆಂದರೆ ಎಲ್ಲ ಜಾತಿ ಧರ್ಮದವರೂ ಒಂದೇ ಬಂಡಿಯ ಮುಂದೆ ನಿಲ್ಲುತ್ತಾರೆ. ಅದು ಮಂಡಾಳು ಒಗ್ಗರಣೆ ಮತ್ತು ಮಿರ್ಚಿಯ ಬಂಡಿ. ಟಿ.ಬಿ. ಡ್ಯಾಂನಲ್ಲಿ ಹುಟ್ಟಿ ಬೆಳೆದ ನನಗೆ ಹೊರಗಿನ ತಿಂಡಿ ಎಂದರೆ ಬಹುಕಾಲ ಇಷ್ಟೇ ಆಗಿತ್ತು. ಥಾಯ್ಲೆಂಡ್ ಮತ್ತು ಜಪಾನಿನ ಅಡುಗೆಯನ್ನು ನಾಲಿಗೆಯ ಮೇಲಿಟ್ಟು ನೋಡುವ ಕಾಲ ಬರುತ್ತದೆಂದು, ಅದೂ ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಎಂದು ನಾನು ಎಣಿಸಿರಲಿಲ್ಲ. ಆ ಊಟಕ್ಕೆ ನನ್ನನ್ನು ಎಳೆದುಕೊಂಡು ಹೋದವಳು ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳು.

ಹೋಗಲು ಬೇರೊಂದು ಕಾರಣವೂ ಇತ್ತು. ಅವಳು ಒಂದು ವಾರದಿಂದ ಸಪ್ಪಗಿದ್ದಳು. ಬಹಳ ಕೇಳಿದ ಮೇಲೆ ಬಾಯಿಬಿಟ್ಟಳು. ತರಗತಿಯಲ್ಲಿ ವಿಜಯನಗರದ ಪಾಠ ಮುಗಿದ ಮೇಲೆ ಗೆಳತಿಯೊಬ್ಬಳು, 'ಹಂಪಿ ಒಡೆದವರು ನಿಮ್ಮೋರೇ ಅಲ್ವಾ?' ಎಂದಿದ್ದಳಂತೆ. ಜಗಳದ ಮಾತಲ್ಲ. ಪಾಠದಲ್ಲಿ ಓದಿದ್ದನ್ನು ಖಚಿತಪಡಿಸಿಕೊಳ್ಳುವಂತೆ ಕೇಳಿದ ಮಾತು. ನನ್ನ ಮಗಳಿಗೆ ಉತ್ತರ ಗೊತ್ತಿರಲಿಲ್ಲ. 'ಅಬ್ಬಾ, ಹೌದಾ?' ಎಂದು ನನ್ನನ್ನು ಕೇಳಿದಾಗ ನನಗೂ ತಕ್ಷಣ ಏನು ಹೇಳಬೇಕೆಂದು ತೋಚಲಿಲ್ಲ. ಕಥೆ ಬರೆಯುವವನಿಗೆ ಮಾತಿಗೆ ಬರವಿಲ್ಲ ಎನ್ನುತ್ತಾರೆ. ಮಕ್ಕಳ ಪ್ರಶ್ನೆಯ ಮುಂದೆ ಆ ಮಾತು ನಿಜವಾಗುವುದಿಲ್ಲ. ಭಾನುವಾರ ಹಂಪಿ ಕಡೆ ಹೋಗೋಣ, ಅಲ್ಲೇ ಹೇಳುತ್ತೇನೆ ಎಂದೆ. ಅವಳು ಒಂದು ಷರತ್ತು ಹಾಕಿದಳು. ಸಾಣಾಪುರದ ಹತ್ತಿರ ಥಾಯ್ ಮತ್ತು ಜಪಾನಿ ಊಟ ಕೊಡುವ ಸಣ್ಣ ಹೋಟೆಲು ಇದೆಯಂತೆ, ಅಲ್ಲಿ ಊಟ ಮಾಡಿಸಬೇಕು.

ಡ್ಯಾಂ ಬಿಟ್ಟು, ಹೊಳೆ ದಾಟಿ, ಮುನಿರಾಬಾದು, ಹುಲಿಗಿ ಹಾದು ಹೋದೆವು. ಈ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ದಾದಾ ನೆನಪಾಗುತ್ತಾರೆ. ಅವರು ಆದೋನಿ ಕಡೆಯಿಂದ ಅಣೆಕಟ್ಟಿನ ಕಲ್ಲುಕೆಲಸಕ್ಕೆ ಬಂದವರು. 1945ರ ಫೆಬ್ರುವರಿ 28ರಂದು ಹೊಳೆಯ ಎಡದಂಡೆಯಲ್ಲಿ ಹೈದರಾಬಾದಿನ ಬೇರಾರ್ ರಾಜಕುಮಾರ, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್ ಅಡಿಗಲ್ಲು ಹಾಕಿದರು. ಒಂದೇ ಅಣೆಕಟ್ಟು, ಎರಡು ಸರ್ಕಾರ. 1953ರಲ್ಲಿ ನೀರು ಕಾಲುವೆಗೆ ಹರಿಯಿತು. ಅಷ್ಟು ವರ್ಷ ತೆಲುಗು, ತಮಿಳು, ಕನ್ನಡ, ಉರ್ದು ಮಾತಾಡುವವರು ಅಕ್ಕಪಕ್ಕದ ಗುಡಿಸಲಲ್ಲಿ ಒಲೆ ಹೂಡಿಕೊಂಡಿದ್ದರು. ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಗಾಳಿಯಲ್ಲೇ ಗೊತ್ತಾಗುತ್ತಿತ್ತು ಎಂದು ದಾದಾ ಹೇಳುತ್ತಿದ್ದರು. ಸಾಣಾಪುರದ ಕೆರೆಯೂ ಅದೇ ಎಡದಂಡೆ ಕಾಲುವೆಯ ನೀರಿನಿಂದ ತುಂಬುವ ಕೆರೆ.

ಹೋಟೆಲು ಎಂದರೆ ಶೀಟಿನ ಮಾಡು, ಚಾಪೆ, ಗಿಡ್ಡ ಮೇಜುಗಳು, ಸುತ್ತ ಗದ್ದೆ. ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಪಟ್ಟಿ. ಎಡಕ್ಕೆ ಪ್ಯಾಡ್ ಥಾಯ್, ಹಸಿರು ಕರಿ, ಮಸ್ಸಮನ್ ಕರಿ. ಬಲಕ್ಕೆ ಮಿಸೊ ಸೂಪು, ಟೆಂಪುರಾ, ಸುಶಿ. ಅಡುಗೆಯವನು ಆನೆಗೊಂದಿ ಪಕ್ಕದ ಹಳ್ಳಿಯವನು. ವಯಸ್ಸು ಸುಮಾರು ನಲವತ್ತು. ನನ್ನ ಟೋಪಿ ನೋಡಿ ತಾನೇ ಹೇಳಿದ: 'ಸಾರ್, ನೀವು ಚಿಂತಿ ಮಾಡಬ್ಯಾಡ್ರಿ. ನಮ್ಮಲ್ಲಿ ಮಾಂಸ ಇಲ್ಲ, ಮೀನಿಲ್ಲ, ವೈನೂ ಹಾಕಂಗಿಲ್ಲ. ಎಲ್ಲಾ ಕಾಯಿಪಲ್ಲೆ.' ಜಪಾನಿನ ಅಡುಗೆಯಲ್ಲಿ ಮಿರಿನ್ ಎಂಬ ಸಿಹಿ ಅಕ್ಕಿ ಮದ್ಯವನ್ನು ಬಳಸುತ್ತಾರೆ, ಥಾಯ್ ಅಡುಗೆಯಲ್ಲಿ ಉಪ್ಪಿನ ಬದಲು ಮೀನಿನ ರಸ ಹಾಕುತ್ತಾರೆ ಎಂದು ಓದಿದ್ದೆ. ಅವುಗಳ ಬದಲು ಏನು ಹಾಕುತ್ತೀಯಪ್ಪ ಎಂದು ಕೇಳಿದೆ. 'ಕಂಪ್ಲಿ ಕಡೆ ಬೆಲ್ಲ, ಹುಣಸಿಹಣ್ಣು, ಸೋಯಾ ಸಾಸು' ಎಂದು ನಕ್ಕ. ಸುಶಿಯ ಅಕ್ಕಿ? 'ನಮ್ಮ ಗಂಗಾವತಿ ಸೋನಾ ಮಸೂರಿ ಉದುರುದುರು ಆಕ್ಕತಿ ಸಾರ್, ಸುಶಿಗೆ ಅಂಟಬೇಕು. ಅದಕ್ಕ ದ್ವಾಸಿ ಅಕ್ಕಿ ಕೂಡಿಸಿ ಮೆತ್ತಗ ಬೇಯಿಸ್ತೀನಿ.'

ಮೊದಲು ಬಂದದ್ದು ಪ್ಯಾಡ್ ಥಾಯ್. ಅಕ್ಕಿಯ ಶಾವಿಗೆಯನ್ನು ಹುಣಸೆ, ಬೆಲ್ಲ, ಕುಟ್ಟಿದ ಶೇಂಗಾ ಹಾಕಿ ಹುರಿದದ್ದು. ಬಾಯಿಗಿಟ್ಟ ಕೂಡಲೇ ನನ್ನ ಮಗಳು, 'ಅಬ್ಬಾ, ಇದು ಅಮ್ಮೀ ಮಾಡೋ ಶಾವಿಗೆ ಒಗ್ಗರಣೆಗೆ ಶೇಂಗಾ ಚಟ್ನಿ ಕಲಸಿದ ಹಾಗಿದೆ' ಎಂದಳು. ಅವಳ ನಾಲಿಗೆ ಸುಳ್ಳು ಹೇಳಲಿಲ್ಲ. ಹುಣಸೆಯನ್ನು ಅರಬರು 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ಇಂಗ್ಲಿಷಿನ ಟ್ಯಾಮರಿಂಡ್ ಬಂದದ್ದು ಅದರಿಂದಲೇ. ಶೇಂಗಾ ಮಾತ್ರ ನಮ್ಮದೂ ಅಲ್ಲ, ಥಾಯ್‌ಗಳದೂ ಅಲ್ಲ. ಅದು ದಕ್ಷಿಣ ಅಮೆರಿಕದ ಕಾಳು. ಪ್ಯಾಡ್ ಥಾಯ್ ಕೂಡ ಅಂಥ ಪುರಾತನ ಭಕ್ಷ್ಯವೇನಲ್ಲ. ಅದಕ್ಕೆ ರಾಷ್ಟ್ರೀಯ ತಿನಿಸಿನ ಪಟ್ಟ ಸಿಕ್ಕಿದ್ದು 1930-40ರ ದಶಕಗಳಲ್ಲಿ, ಫಿಬುನ್ ಸಾಂಗ್‌ಖ್ರಾಮ್ ಪ್ರಧಾನಿಯಾಗಿದ್ದಾಗ.

ಹಸಿರು ಕರಿಯಲ್ಲಿ ಶುಂಠಿಯಂತೆ ಕಂಡ, ಆದರೆ ಶುಂಠಿಯಲ್ಲದ ಒಂದು ಬೇರಿನ ಚೂರು ಸಿಕ್ಕಿತು. ಜಗಿದೆ. ಬಾಲ್ಯದ ವಾಸನೆ ಮೂಗಿಗೆ ಬಡಿಯಿತು. ಗಂಟಲು ಕಟ್ಟಿದರೆ ಹಕೀಮರು ಕೊಡುತ್ತಿದ್ದ ಖುಲಂಜಾನ್! ಯುನಾನಿ ಅಂಗಡಿಯ ಡಬ್ಬಿಯಲ್ಲಿ ಒಣಗಿ ಕೂತಿರುತ್ತಿದ್ದ ಬೇರು ಥಾಯ್ ಅಡುಗೆಯ ಜೀವಾಳವೆಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಇಂಗ್ಲಿಷಿನವರು ಅದನ್ನು ಗಲಂಗಲ್ ಎನ್ನುತ್ತಾರೆ. ಆ ಹೆಸರೂ ಅರಬ್ಬಿಯ ಮೂಲಕ ಹೋದದ್ದೇ.

ನಂತರ ಮಸ್ಸಮನ್ ಬಂತು. ತೆಂಗಿನಹಾಲು, ಆಲೂಗಡ್ಡೆ, ಶೇಂಗಾ. ಜೊತೆಗೆ ಜೀರಿಗೆ, ಏಲಕ್ಕಿ, ದಾಲ್ಚಿನ್ನಿ, ಲವಂಗ. ಕಣ್ಣು ಮುಚ್ಚಿ ತಿಂದರೆ ನಮ್ಮ ಮದುವೆ ಮನೆಯ ಕುರ್ಮಾದ ದೂರದ ನೆಂಟ. ಹೆಸರಿನ ಮೂಲ 'ಮುಸಲ್ಮಾನ್' ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. 1800ರ ಹೊತ್ತಿಗೆ, ಮುಂದೆ ಎರಡನೆಯ ರಾಮನೆಂದು ಪಟ್ಟಕ್ಕೆ ಬಂದ ಥಾಯ್ ರಾಜಕುಮಾರ, ಊಟವನ್ನು ಕುರಿತ ತನ್ನ ಕವಿತೆಯಲ್ಲಿ ಜೀರಿಗೆ ಘಮಘಮಿಸುವ ಈ ಮಸ್ಸಮನ್ನನ್ನು ಹೊಗಳಿದ್ದಾನೆ. ಬೌದ್ಧ ರಾಜನ ಊಟದಲ್ಲಿ ಮುಸಲ್ಮಾನನ ಹೆಸರಿನ ಸಾರು! ಇದು ಹೇಗಾಯಿತು ಎಂಬುದನ್ನು ತಿಳಿಯಲು ಹಂಪಿಯಂಥದೇ ಇನ್ನೊಂದು ಹಾಳೂರಿಗೆ ಹೋಗಬೇಕು.

ಅದರ ಹೆಸರು ಅಯುತ್ಥಯ. ನಮ್ಮ ಅಯೋಧ್ಯೆಯ ಹೆಸರನ್ನೇ ಇಟ್ಟುಕೊಂಡ ಸಯಾಮಿನ ರಾಜಧಾನಿ. ನಾವು ಕೂತಿದ್ದ ಜಾಗದಿಂದ ಅಂಜನಾದ್ರಿ ಬೆಟ್ಟ ಕಾಣುತ್ತಿತ್ತು. ಹನುಮಂತ ಹುಟ್ಟಿದ ಕಿಷ್ಕಿಂಧೆ ಇದೇ ಎಂದು ಇಲ್ಲಿನವರು ನಂಬುತ್ತಾರೆ. ಥಾಯ್‌ಗಳ ರಾಮಾಯಣವಾದ ರಾಮಕಿಯನ್‌ನಲ್ಲೂ ಹನುಮಂತನೇ ಎಲ್ಲರ ಮೆಚ್ಚಿನವನು. ಎರಡು ಊರುಗಳ ಜಾತಕವೂ ಒಂದನ್ನೊಂದು ಹೋಲುತ್ತದೆ. ವಿಜಯನಗರ ಹುಟ್ಟಿದ್ದು 1336ರಲ್ಲಿ, ಅಯುತ್ಥಯ 1351ರಲ್ಲಿ. ವಿಜಯನಗರ ಹಾಳಾದದ್ದು 1565ರಲ್ಲಿ, ಅಯುತ್ಥಯ 1767ರಲ್ಲಿ. ಎರಡೂ ಈಗ ಯುನೆಸ್ಕೋ ಪಟ್ಟಿಯಲ್ಲಿವೆ. ಹಂಪಿ 1986ರಲ್ಲಿ ಸೇರಿದರೆ ಅದು 1991ರಲ್ಲಿ ಸೇರಿತು.

ಹದಿನೇಳನೆಯ ಶತಮಾನದ ಅಯುತ್ಥಯದಲ್ಲಿ ಪರದೇಶದವರಿಗೆ ಬೇರೆಬೇರೆ ಕೇರಿಗಳಿದ್ದವು. ಆ ಶತಮಾನದ ಆರಂಭದಲ್ಲಿ ಇರಾನಿನ ಖುಮ್ ಪಟ್ಟಣದ ಶೇಖ್ ಅಹಮದ್ ಎಂಬ ವ್ಯಾಪಾರಿ ಅಲ್ಲಿಗೆ ಹೋಗಿ, ರಾಜನ ಮಂತ್ರಿಯಾಗಿ, ಅಲ್ಲಿನ ಮುಸ್ಲಿಮರ ಮುಖ್ಯಸ್ಥನೂ ಆದ. ಅವನ ಸಂತತಿಯವರು ಮುಂದೆ ಸಯಾಮಿನ ಅತಿ ಪ್ರಭಾವಿ ಮನೆತನಗಳಲ್ಲಿ ಒಂದಾದರು. ನಮ್ಮ ದಖನ್ನಿನ ಗೋಲ್ಕೊಂಡದಿಂದಲೂ ಪಾರಸಿ ಮಾತಾಡುವ ವ್ಯಾಪಾರಿಗಳು ಬಂಗಾಳ ಕೊಲ್ಲಿ ದಾಟಿ ಅಲ್ಲಿಗೆ ಹೋಗುತ್ತಿದ್ದರು. 1685ರಲ್ಲಿ ಇರಾನಿನ ಶಾಹ ಸುಲೈಮಾನನ ರಾಯಭಾರಿಗಳು ನರಾಯ್ ರಾಜನ ಆಸ್ಥಾನಕ್ಕೆ ಹೊರಟರು. ಅವರ ಜೊತೆಗಿದ್ದ ಮುಹಮ್ಮದ್ ರಬಿ ಬರೆದ 'ಸಫೀನೆ ಸುಲೈಮಾನಿ' ಎಂಬ ಪಾರಸಿ ಪುಸ್ತಕ ಇಂದಿಗೂ ಇದೆ. ಮಸ್ಸಮನ್ನಿನ ಜೀರಿಗೆ ಏಲಕ್ಕಿಗಳ ಹಿಂದೆ ಇಷ್ಟು ಜನರ ಓಡಾಟವಿದೆ.

ಅದೇ ಊರಿನಲ್ಲಿ ಜಪಾನಿಗಳ ಕೇರಿಯೂ ಇತ್ತು. ವ್ಯಾಪಾರಿಗಳು, ಯಜಮಾನನಿಲ್ಲದ ಸಮುರಾಯ್‌ಗಳು, ಜಪಾನಿನಲ್ಲಿ ಕಿರುಕುಳ ತಾಳದೆ ಓಡಿಬಂದ ಕ್ರೈಸ್ತರು ಅಲ್ಲಿದ್ದರು. ಅವರ ನಾಯಕ ಯಮಾದ ನಾಗಮಸ 1630ರಲ್ಲಿ ಸತ್ತ. 1635ರಲ್ಲಿ ಜಪಾನು ಬಾಗಿಲು ಹಾಕಿಕೊಂಡು, ಹೊರಗಿದ್ದ ತನ್ನವರು ಮರಳಿ ಬರುವುದನ್ನು ನಿಷೇಧಿಸಿತು. ಹೊರಗುಳಿದವರು ಅಲ್ಲಲ್ಲೇ ಬೆರೆತುಹೋದರು. ಹಾಗೆ ಬೆರೆತ ಮನೆತನದ ಮಗಳು ಮಾರಿಯಾ ಗಿಯೊಮಾರ್ ದ ಪಿನ್ಹಾ. ಅವಳ ಮೈಯಲ್ಲಿ ಜಪಾನಿ, ಪೋರ್ಚುಗೀಸ್, ಬಂಗಾಳಿ ಮೂರೂ ರಕ್ತವಿತ್ತು. ಗಂಡ ಫೌಲ್ಕನ್ ಎಂಬ ಗ್ರೀಕ, ನರಾಯ್ ರಾಜನ ಮಂತ್ರಿ. 1688ರ ಅರಮನೆ ಕ್ರಾಂತಿಯಲ್ಲಿ ಗಂಡನ ತಲೆ ಹೋಯಿತು, ಅವಳು ಸೆರೆಯಾದಳು. ಕೊನೆಗೆ ಅರಮನೆಯ ಅಡುಗೆಮನೆ ಸೇರಿದಳು. ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ನೂಲಿನಂತೆ ಬಿಟ್ಟು ಮಾಡುವ 'ಫೊಯ್ ತೊಂಗ್' ಎಂಬ ಸಿಹಿಯನ್ನು ಥಾಯ್‌ಗಳಿಗೆ ಕಲಿಸಿದವಳು ಅವಳೇ ಎನ್ನುತ್ತಾರೆ. ಪೋರ್ಚುಗೀಸರ ಆ ಸಿಹಿ ಜಪಾನಿನಲ್ಲೂ ಬೇರೆ ಹೆಸರಿನಿಂದ ಇದೆ. ಮಲಬಾರಿನ ಮಾಪ್ಪಿಳೆ ಮದುವೆ ಮನೆಗಳಲ್ಲಿ 'ಮುಟ್ಟಮಾಲ' ಎಂದು ಬಡಿಸುವುದೂ ಅದನ್ನೇ. ಥಾಯ್ ಮತ್ತು ಜಪಾನಿ ಅಡುಗೆ ಒಂದೇ ಹಲಗೆಯ ಮೇಲೆ ಇರುವುದು ಇಂದಿನ ಹೋಟೆಲಿನವರ ಜಾಣತನವೆಂದು ನಾನು ತಿಳಿದಿದ್ದೆ. ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಮುನ್ನೂರು ವರ್ಷಗಳ ಹಿಂದೆಯೇ ಆ ಕೂಡಿಕೆಯನ್ನು ತನ್ನ ಬದುಕಿನಲ್ಲೇ ಹೊತ್ತಿದ್ದಳು.

ಅಷ್ಟರಲ್ಲಿ ಟೆಂಪುರಾ ಬಂತು. ಬದನೆ, ಕುಂಬಳ, ಒಂದು ಉದ್ದನೆಯ ಹಸಿಮೆಣಸಿನಕಾಯಿ. ಮೈದಾವನ್ನು ತಣ್ಣೀರಲ್ಲಿ ತೆಳ್ಳಗೆ ಕಲಸಿ, ಅದ್ದಿ ಕರಿದದ್ದು. ಮಗಳು ಮೆಣಸಿನಕಾಯಿಯನ್ನು ಎತ್ತಿ ಹಿಡಿದು, 'ಅಬ್ಬಾ, ಇದು ಮಿರ್ಚಿ ಅಷ್ಟೇ. ಕಡ್ಲೆಹಿಟ್ಟು ಮರೆತಿದ್ದಾರೆ' ಎಂದಳು. ಅಡುಗೆಯವನೂ ನಕ್ಕ. ಕ್ರೈಸ್ತರು ಮಾಂಸ ಬಿಡುವ ಉಪವಾಸದ ದಿನಗಳಿಗೆ ಪೋರ್ಚುಗೀಸರಲ್ಲಿ 'ತೆಂಪೊರಾಸ್' ಎಂಬ ಹೆಸರಿತ್ತು. ಆ ದಿನಗಳಲ್ಲಿ ಅವರು ಕರಿದು ತಿನ್ನುತ್ತಿದ್ದ ತಿಂಡಿಯೇ ಜಪಾನಿನ ಟೆಂಪುರಾ ಆಯಿತೆಂದು ಹೆಚ್ಚಿನವರು ಹೇಳುತ್ತಾರೆ. ಪೋರ್ಚುಗೀಸರು ಜಪಾನಿಗೆ ಕಾಲಿಟ್ಟದ್ದು 1543ರಲ್ಲಿ. ಸಯಾಮಿಗೆ ಹೋದದ್ದು 1511ರಲ್ಲಿ. ಗೋವೆಯನ್ನು ಹಿಡಿದದ್ದು 1510ರಲ್ಲಿ. ಆಗ ಇಲ್ಲಿ ಕೃಷ್ಣದೇವರಾಯನ ಆಳ್ವಿಕೆ. ಅಮೆರಿಕದ ಮೆಣಸಿನಕಾಯಿ ಅವರ ಹಡಗುಗಳಲ್ಲಿ ಪೂರ್ವಕ್ಕೆ ಬಂತು.

ಭಾಷೆಗಳು ಈ ಹೊಸ ಕಾಯಿಯನ್ನು ಬರಮಾಡಿಕೊಂಡ ಬಗೆ ನೋಡಬೇಕು. ನಮ್ಮಲ್ಲಿ ಮೆಣಸು ಎಂದರೆ ಕಾಳು. ಹೊಸದು ಕಾಯಿಯಾದ್ದರಿಂದ ಮೆಣಸಿನಕಾಯಿ. ಕರಾವಳಿಯವರು ಹಳೆಯದು ಬೇರೆ ಎಂದು ತೋರಿಸಲು ಅದನ್ನು ಒಳ್ಳೆಮೆಣಸು ಎಂದರು. ಥಾಯ್‌ನವರೂ ಹಾಗೆಯೇ ಮಾಡಿದರು. ಮೆಣಸಿಗಿದ್ದ 'ಫ್ರಿಕ್' ಎಂಬ ಹೆಸರನ್ನು ಹೊಸ ಕಾಯಿಗೆ ಕೊಟ್ಟು, ಹಳೆಯದನ್ನು 'ಫ್ರಿಕ್ ಥಾಯ್' ಎಂದರು. ಜಪಾನಿಗಳು 'ತೊಗರಾಶಿ' ಎಂದರು, ಅಂದರೆ ಹೊರನಾಡಿನ ಸಾಸಿವೆ. ಹೊರಗಿನಿಂದ ಬಂದದ್ದೆಂದು ಮೂವರಿಗೂ ಗೊತ್ತಿತ್ತು. ಮೂವರೂ ಅದನ್ನು ಒಲೆಯಿಂದ ಹೊರಗೆ ಹಾಕಲಿಲ್ಲ.

ಪೋರ್ಚುಗೀಸರು ನಮ್ಮೂರಿಗೂ ಬಂದಿದ್ದರು. ಸುಮಾರು 1520ರಲ್ಲಿ ದೊಮಿಂಗೊ ಪಾಯಸ್, 1535ರ ಸುಮಾರಿಗೆ ಕುದುರೆ ವ್ಯಾಪಾರಿ ನ್ಯೂನಿಜ್ ವಿಜಯನಗರದ ಪೇಟೆಗಳನ್ನು ನೋಡಿ ಬರೆದರು. ಅಕ್ಕಿ, ಜೋಳ, ಹೆಸರು, ಹುರುಳಿ, ಬೀದಿಬೀದಿಯಲ್ಲಿ ಮಾರುವ ಕೊಬ್ಬಿದ ಕುರಿಮಾಂಸ, ಹಕ್ಕಿಗಳು ಎಲ್ಲವೂ ಅವರ ಬರಹಗಳಲ್ಲಿವೆ. ನಗರದಲ್ಲಿ ಮುಸಲ್ಮಾನರ ಕೇರಿ ಇದ್ದುದನ್ನೂ ಪಾಯಸ್ ಹೇಳುತ್ತಾನೆ. ಕೃಷ್ಣದೇವರಾಯ ತಾಯಿ ನಾಗಲಾದೇವಿಯ ಹೆಸರಿನಲ್ಲಿ ನಾಗಲಾಪುರ, ಅಂದರೆ ಇಂದಿನ ಹೊಸಪೇಟೆ ಕಟ್ಟಿಸಿದಾಗ, ಅಲ್ಲಿ ಕೆರೆ ಕಟ್ಟಲು ಜೊವಾವ್ ದೆಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನ ನೆರವು ಪಡೆದ ಎಂದು ನ್ಯೂನಿಜ್ ಬರೆದಿದ್ದಾನೆ. ನಮ್ಮ ದಾದಾ ಬರುವುದಕ್ಕೆ ನಾಲ್ಕು ಶತಮಾನ ಮೊದಲೇ, ಹೊಸಪೇಟೆಯ ನೀರಿಗೆ ಕಟ್ಟೆ ಹಾಕಲು ಪರಊರಿನ ಕಲ್ಲುಕೆಲಸದವನೊಬ್ಬ ಬಂದಿದ್ದ. ಅವನು ಇಲ್ಲಿ ಏನು ತಿಂದನೋ, ಯಾರ ಮನೆಯಲ್ಲಿ ತಿಂದನೋ ಎಂದು ನಾನು ಆಗಾಗ ಯೋಚಿಸುತ್ತೇನೆ.

ಊಟ ಮುಗಿಯಿತು. ಕೈ ತೊಳೆಯುವಾಗ ಅಡುಗೆಯವನನ್ನು ಇದೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ. ವಿರೂಪಾಪುರ ಗಡ್ಡೆಯಲ್ಲಿ ಎಂದ. ಹಂಪಿಯ ಎದುರು ದಡದ ಆ ಗಡ್ಡೆ ಒಂದು ಕಾಲಕ್ಕೆ ಪರದೇಶಿ ಪ್ರವಾಸಿಗಳ ಬಿಡಾರವಾಗಿತ್ತು. ಹೀಬ್ರೂ ಅಕ್ಷರದ ಪಟ್ಟಿಗಳೂ ಅಲ್ಲಿ ತೂಗುತ್ತಿದ್ದವು. ಇವನು ಹದಿನೈದನೆಯ ವಯಸ್ಸಿಗೆ ತಟ್ಟೆ ತೊಳೆಯಲು ಸೇರಿದವನು. ಒಬ್ಬ ಜಪಾನಿ ಪ್ರವಾಸಿ ತಿಂಗಳುಗಟ್ಟಲೆ ಉಳಿದು ಇವನಿಗೆ ಸುಶಿ ಸುತ್ತುವುದನ್ನು ಕಲಿಸಿದನಂತೆ. ಆ ಹೋಟೆಲುಗಳು ಪಾರಂಪರಿಕ ಪ್ರದೇಶದ ನಿಯಮ ಮೀರಿ ಎದ್ದವು ಎಂದು ಹೈಕೋರ್ಟು 2015ರಲ್ಲಿ ಹೇಳಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಮಾರ್ಚಿಯಲ್ಲಿ ಜೆಸಿಬಿಗಳು ಬಂದವು. ಅದಕ್ಕೂ ಮೊದಲು, 2011ರ ಜುಲೈನಲ್ಲಿ, ವಿರೂಪಾಕ್ಷ ಬಜಾರಿನ ಸಾಲು ಮಂಟಪಗಳಲ್ಲಿದ್ದ ಅಂಗಡಿ ಮನೆಗಳು ಉರುಳಿದ್ದವು.

ಇದರಲ್ಲಿ ಯಾರದು ಸರಿ ಎಂದು ನಾನು ತೀರ್ಪು ಕೊಡಲಾರೆ. ಕಲ್ಲಿನ ಮಂಟಪಕ್ಕೆ ಮೊಳೆ ಹೊಡೆದು ಅಂಗಡಿ ಮಾಡಿದರೆ ಮಂಟಪ ಉಳಿಯುವುದಿಲ್ಲ. ಹೊಳೆಯ ನಡುವಿನ ಗಡ್ಡೆಯಲ್ಲಿ ಮನಬಂದಂತೆ ಕಟ್ಟಿದರೆ ಹೊಳೆಯೂ ಉಳಿಯುವುದಿಲ್ಲ. ಆದರೆ ಹಂಪಿಯ ಬೀದಿಯನ್ನು ಪಾಯಸ್ ನೋಡಿದಾಗ ಅದು ಜನ ಬದುಕುವ, ಕೊಳ್ಳುವ, ಉಣ್ಣುವ ಬೀದಿಯಾಗಿತ್ತು. ನಾವು ಕಲ್ಲನ್ನು ಉಳಿಸಿಕೊಂಡೆವು, ಒಲೆಯನ್ನು ಆರಿಸಿದೆವು. 'ನನಗೇನ್ ಸಿಟ್ಟಿಲ್ಲ ಸಾರ್' ಎಂದ ಅಡುಗೆಯವನು. 'ಆದ್ರ ನಾನು ಬೆಳದ ಜಾಗ ಯಾವುದು ಅಂತ ನನ್ನ ಮಗನಿಗೆ ತೋರ್ಸಾಕ ಅಲ್ಲಿ ಏನೂ ಉಳಿದಿಲ್ಲ.'

ಬರುವಾಗ ಆನೆಗೊಂದಿ, ಕಡೇಬಾಗಿಲು, ಬುಕ್ಕಸಾಗರದ ಮೇಲೆ ಬಂದು, ಕಮಲಾಪುರದಿಂದ ತಳವಾರಘಟ್ಟದ ದಾರಿಗೆ ಹೊರಳಿದೆವು. ಅಲ್ಲಿ ಪ್ರವಾಸಿಗಳು ಹೆಚ್ಚು ನಿಲ್ಲದ ಒಂದು ಕಲ್ಲಿನ ಕಟ್ಟಡವಿದೆ. ಕಂಬಗಳನ್ನು ನೋಡಿದರೆ ಗುಡಿಯ ಮಂಟಪ. ಪಶ್ಚಿಮದ ಗೋಡೆಯಲ್ಲಿ ಮಾತ್ರ ಮಿಹ್ರಾಬು. 1439ರಲ್ಲಿ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಕಟ್ಟಿಸಿದ್ದು. ಅಲ್ಲಿನ ಶಾಸನ ಕನ್ನಡದಲ್ಲಿದೆ. ಅದು ಈ ಕಟ್ಟಡವನ್ನು 'ಧರ್ಮಸಾಲೆ' ಎಂದು ಕರೆಯುತ್ತದೆ. ಅರಸನಿಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿದ್ದಾಗಿ ಹೇಳುತ್ತದೆ.

ಇದನ್ನು ಕಟ್ಟಿಸಿದ ನಾಲ್ಕು ವರ್ಷಕ್ಕೆ, 1443ರಲ್ಲಿ, ಹೆರಾತಿನಿಂದ ಅಬ್ದುಲ್ ರಜಾಕ್ ರಾಯಭಾರಿಯಾಗಿ ಬಂದ. ದೇವರಾಯ ಅವನಿಗೆ ದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಎರಡು ವರಹ ಕಳಿಸುತ್ತಿದ್ದ. ನಿಮ್ಮ ಕಡೆಯ ದೊರೆಗಳು ರಾಯಭಾರಿಯನ್ನು ತಮ್ಮ ಜೊತೆ ಊಟಕ್ಕೆ ಕೂರಿಸುತ್ತಾರೆ, ನಾವಿಬ್ಬರೂ ಒಟ್ಟಿಗೆ ಉಣ್ಣುವಂತಿಲ್ಲವಾದ್ದರಿಂದ ಈ ಹೊನ್ನಿನ ಚೀಲವೇ ನಮ್ಮ ಔತಣ ಎಂದು ಅರಸ ಹೇಳಿದ್ದಾಗಿ ರಜಾಕ್ ಬರೆದಿಟ್ಟಿದ್ದಾನೆ. ನನಗೆ ಈ ಮಾತು ಬಹಳ ಇಷ್ಟ. ಗೋಡೆ ಇಲ್ಲವೆಂದು ಅರಸ ನಟಿಸಲಿಲ್ಲ. ಗೋಡೆ ಇದೆಯೆಂದು ಅತಿಥಿಯನ್ನು ಹಸಿದಿರಲೂ ಬಿಡಲಿಲ್ಲ.

ಅಲ್ಲಿ ಒಂದು ಮರದ ನೆರಳಲ್ಲಿ ಕೂತು ಮಗಳಿಗೆ ಉತ್ತರ ಹೇಳಿದೆ. ಹೌದು, 1565ರಲ್ಲಿ ಈ ನಗರವನ್ನು ಲೂಟಿ ಮಾಡಿದ್ದು ಸುಲ್ತಾನರ ಸೈನ್ಯ. ಅದನ್ನು ಮುಚ್ಚಿಡಬೇಕಾದ್ದಿಲ್ಲ. ಆ ಸುಲ್ತಾನರಲ್ಲಿ ಒಬ್ಬನಾದ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ, ಪಟ್ಟವೇರುವ ಮೊದಲು ಜೀವಕ್ಕೆ ಹೆದರಿ ಓಡಿಬಂದು, ಏಳು ವರ್ಷ ಇದೇ ವಿಜಯನಗರದ ಅನ್ನ ಉಂಡಿದ್ದ. ರಾಮರಾಯನ ಸೈನ್ಯದಲ್ಲೂ ಮುಸಲ್ಮಾನರಿದ್ದರು. 1767ರಲ್ಲಿ ಅಯುತ್ಥಯಕ್ಕೆ ಬೆಂಕಿಯಿಟ್ಟ ಬರ್ಮಾದವರೂ ಬೌದ್ಧರು, ಮನೆ ಕಳೆದುಕೊಂಡವರೂ ಬೌದ್ಧರು. ರಾಜರು ರಾಜ್ಯಕ್ಕಾಗಿ ಕಾದಾಡಿದರು, ಉಪ್ಪಿನ ಋಣವನ್ನೂ ಮರೆತರು. 'ನಮ್ಮೋರು' ಎಂದು ನೀನು ಯಾರನ್ನು ಹೇಳಿಕೊಳ್ಳಬೇಕು ಎಂಬುದು ನಿನಗೆ ಬಿಟ್ಟದ್ದು. ದಾರಿಹೋಕರಿಗೆ ನೆರಳು ಕಟ್ಟಿಸಿ, ಅದರ ಮೇಲೆ ಕನ್ನಡದಲ್ಲಿ ಬರೆಸಿದ ಈ ಅಹಮದ್ ಖಾನನೂ ಆ ಸಾಲಿನಲ್ಲಿದ್ದಾನೆ, ನಿನ್ನ ಮುತ್ತಜ್ಜನೂ ಇದ್ದಾರೆ.

ಅವಳು ಏನೂ ಹೇಳಲಿಲ್ಲ. ಹೋಟೆಲಿನಿಂದ ಕಟ್ಟಿಸಿಕೊಂಡಿದ್ದ ಪೊಟ್ಟಣ ಬಿಚ್ಚಿದಳು. ಟೆಂಪುರಾ ಮೆತ್ತಗಾಗಿತ್ತು. ಆರಿದ ಮಿರ್ಚಿಯೂ ಹಾಗೆಯೇ ಅಲ್ಲವೇ? ಕುರಿ ಕಾಯುತ್ತಿದ್ದ ಅಜ್ಜನೊಬ್ಬ ಅಲ್ಲೇ ನಿಂತಿದ್ದ. ಅವನಿಗೂ ಒಂದು ಕೊಟ್ಟಳು. ಅವನು ತಿಂದು, 'ಉಪ್ಪು ಕಡಿಮಿ ಆಗೇತಲ್ಲವ್ವಾ' ಎಂದ.

ಡ್ಯಾಂ ಹತ್ತಿರ ಬರುವ ಹೊತ್ತಿಗೆ ಕತ್ತಲಾಗಿತ್ತು. ಹಿಂದಿನ ಸೀಟಿನಿಂದ ಮಗಳು, ಮುಂದಿನ ಸಲ ಆ ಗೆಳತಿಯನ್ನೂ ಕರೆದುಕೊಂಡು ಹೋಗೋಣವೇ ಎಂದು ಕೇಳಿದಳು. ಅವರ ಮನೆಯಲ್ಲಿ ಹೊರಗೆ ತಿನ್ನಲು ಬಿಡುತ್ತಾರೋ ಇಲ್ಲವೋ, ಕೇಳಿ ನೋಡು ಎಂದೆ. 'ಬಿಡದಿದ್ದರೆ ಅವಳು ಡಬ್ಬಿ ತರಲಿ' ಎಂದಳು.